ನೂರಕ್ಕೆ ಅರವತ್ತು

ನಾಳೆಯಿಂದ ಬರಬೇಡಿ, ಅಂದರು.
ಕೆಲಸದಿಂದ ತೆಗೆದಿಲ್ಲ, ಅಂದರು.
ನೂರಕ್ಕೆ ಅರವತ್ತು ಸಂಬಳ ಬರುತ್ತಿರುತ್ತದೆ,
ಗ್ಯಾಸಿನ ಬೆಲೆ ಇಳಿಯಲಿ, ಕರೆಯುತ್ತೇವೆ.
ಬಾಯಲ್ಲಿ ಅಂದದ್ದನ್ನೇ ಕಾಗದದಲ್ಲೂ ಕೊಟ್ಟರು.

ಕಾಗದವನ್ನು ಬೆಳಕಿಗೆ ಹಿಡಿದು ನೋಡಿದೆ.
ಇಪ್ಪತ್ತೆರಡು ವರ್ಷದ ಚಾಳಿ ಅದು.
ಗಾಜಿನ ಲೋಟ ದೀಪಕ್ಕೆ ಹಿಡಿದು, ಬುಡ ತಿರುಗಿಸಿ,
ಗುಳ್ಳೆ ಹುಡುಕುವುದು ನನ್ನ ಕೆಲಸ.
'ತಾತ್ಕಾಲಿಕ' ಎಂಬ ಮಾತಿನ ಹೊಟ್ಟೆಯೊಳಗೆ
ಸಾಸಿವೆಯಷ್ಟು ಗಾಳಿ ಇತ್ತು.

ಲಿಬೆರೆಟ್ಸ್‌ನಿಂದ ನಾದಿನಿ ಯಿಟ್ಕಾ ಫೋನು ಮಾಡಿದಳು:
ಪುಣ್ಯವಂತೆ ಕಣೇ, ಕೂತಲ್ಲೇ ಸಂಬಳ!
ಕಾಡಿಗೆ ಹೋಗು, ಅಣಬೆ ಕಾಲ ಇದು.
ಹೋದೆ. ಬುಟ್ಟಿ ತುಂಬಿತು.
ಒಂದೊಂದನ್ನೂ ಆಕಾಶಕ್ಕೆ ಹಿಡಿದು ಹುಳ ಹುಡುಕಿದೆ.
ನಿಜ ಹೇಳಬೇಕೆಂದರೆ ಹೋದದ್ದು ಅಣಬೆಗಲ್ಲ,
ಆ ಗುಡ್ಡದ ನೆತ್ತಿಯಿಂದ
ಕಾರ್ಖಾನೆಯ ಚಿಮಣಿ ಕಾಣುತ್ತದೆ.

ಕೆಳಮನೆಯ ವ್ರಾತಿಸ್ಲಾವ್ ಮೂವತ್ತು ವರ್ಷ ಕುಲುಮೆ ಕಾದವನು.
ಕಾಗದ ಓದಬೇಡ, ಚಿಮಣಿ ಓದು, ಅನ್ನುತ್ತಾನೆ.
ಗಾಜಿನ ಕುಲುಮೆಗೆ ರಜೆ ಗೊತ್ತಿಲ್ಲ ಮಗಳೇ,
ಕೆಲಸವಿರಲಿ ಬಿಡಲಿ ಅದು ಕಾದೇ ಇರಬೇಕು.
ಸುಮ್ಮನೆ ತಣಿಯಲು ಬಿಟ್ಟರೆ
ಒಳಗಿನ ಗಾಜು ಕಲ್ಲಾಗಿ ಇಟ್ಟಿಗೆಯನ್ನೇ ಸೀಳುತ್ತದೆ.
ಆಮೇಲೆ ಹೊತ್ತಿಸುವುದಿಲ್ಲ ಯಾರೂ,
ಕೆಡವುತ್ತಾರೆ.

ಹೊಗೆ ಬರುವುದಿಲ್ಲ ಈಗಿನ ಚಿಮಣಿಯಿಂದ.
ಅದರ ಬಾಯ ಮೇಲಿನ ನಕ್ಷತ್ರ
ನಡುಗುತ್ತಿದ್ದರೆ ಸಾಕು, ಬಿಸಿ ಇದೆ ಅಂತ ಲೆಕ್ಕ.
ನಮ್ಮ ಬೀದಿಯ ಕಿಟಕಿಗಳೆಲ್ಲ ರಾತ್ರಿ ದೀಪ ಆರಿಸಿ
ನಡುಗುವ ಒಂದು ಚುಕ್ಕಿಯನ್ನು ಕಾಯುತ್ತವೆ.

ಮೂರನೆಯ ವಾರ ಹನ್ನೊಂದು ಜನಕ್ಕೆ ಕರೆ ಬಂತು.
ಪಟ್ಟಿ ಅಂಟಿಸಲಿಲ್ಲ ಎಲ್ಲೂ.
ಎದುರು ಬಾಗಿಲಿನ ಸ್ವಾತವಾ,
ಒಂದೇ ವಾರ ಸೇರಿದವರು ನಾವು, ಒಂದೇ ಮೇಜು, ಒಂದೇ ದೀಪ,
ಬೆಳಗಿನ ನಾಲ್ಕೂವರೆಗೆ ಕತ್ತಲಲ್ಲೇ ಇಳಿಯುತ್ತಾಳೆ
ಬೂಟು ಕೈಯಲ್ಲಿ ಹಿಡಿದು.
ಮೂರನೆಯ ಮೆಟ್ಟಿಲು ಕಿರ್ರೆನ್ನುತ್ತದೆ.
ಅಲ್ಲಿಗೆ ಅವಳು ನಿಲ್ಲುತ್ತಾಳೆ.
ಹಳೆಯ ಪಾಳಿಯ ಹೊತ್ತಿಗೇ ಎಚ್ಚರಾದ ನಾನು
ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಲ್ಲುತ್ತೇನೆ,
ನನಗೆ ಗೊತ್ತಿದೆಯೆಂದು ಅವಳಿಗೆ ಗೊತ್ತಾಗದ ಹಾಗೆ.

ಅವಳೇ ಏಕೆ?
ಮಾರ್ಚಿಯಲ್ಲಿ ಹ್ಯಾಂಬರ್ಗ್‌ನಿಂದ ವಾಪಸು ಬಂದ ಪೆಟ್ಟಿಗೆ,
ಅದರ ಚೀಟಿಯ ಮೇಲೆ ನನ್ನ ಸಂಖ್ಯೆ ಇತ್ತೆ?
ಅವಳ ಗಂಡ ಮೇಸ್ತ್ರಿಯ ಜೊತೆ ಚದುರಂಗ ಆಡುತ್ತಾನಲ್ಲ,
ಗುರುವಾರ ಗುರುವಾರ?
ಸೋಲುತ್ತಾನಂತೆ, ಬೇಕೆಂದೇ?
ನಾನು ಮನೆಯಲ್ಲಿ ಕೂತಿದ್ದೇನೆ,
ಇಂಥ ಯೋಚನೆಗಳು ಮಾತ್ರ
ನೂರಕ್ಕೆ ನೂರು ದುಡಿಯುತ್ತವೆ.

ಭಾನುವಾರ ಅವಳೇ ಬಂದಳು, ಪ್ಲಮ್ ಹಣ್ಣಿನ ಕೇಕು ಹಿಡಿದು.
ಇಬ್ಬರಿಗೆ ಹೆಚ್ಚಾಗುವಷ್ಟು.
ಹೆಬ್ಬೆರಳಿಗೆ ಪಟ್ಟಿ.
ಹಣ್ಣು ಕೊಯ್ಯುವಾಗ ಚಾಕು ತಗುಲಿತು, ಅಂದಳು.
ಗಾಜಿನ ಗಾಯಕ್ಕೂ ಚಾಕುವಿನ ಗಾಯಕ್ಕೂ
ಪಟ್ಟಿ ಸುತ್ತುವ ರೀತಿಯೇ ಬೇರೆ.
ಜೋಪಾನ ಮಾರಾಯ್ತಿ, ಅಂದೆ.
ಹಣ್ಣು ಈ ಸಲ ಹುಳಿ, ಅಂದಳು.
ಹೌದು, ಹುಳಿ, ಅಂದೆ.
ಅವಳ ಕಾಫಿಗೆ ಸಕ್ಕರೆ ಹಾಕಿದ್ದು
ಎರಡು ಸಲವೋ ಮೂರು ಸಲವೋ, ಲೆಕ್ಕ ತಪ್ಪಿತು.
ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು
ಏನೋ ಹೇಳಹೊರಟಳು. ತಟ್ಟೆ ಆಮೇಲೆ ಕೊಡು, ಅಂದಳು.

ಆ ರಾತ್ರಿ ಮೇಣದಬತ್ತಿಯ ತುಂಡು ಹಿಡಿದು
ಮೂರನೆಯ ಮೆಟ್ಟಿಲ ಸಂದಿಗೆ ಉಜ್ಜಿ ಉಜ್ಜಿ ತುಂಬಿದೆ.

ಬೆಳಗಿನ ನಾಲ್ಕೂವರೆ.
ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದೇನೆ.
ಏನೂ ಕೇಳುತ್ತಿಲ್ಲ.
ಸದ್ದಿಲ್ಲದೆ ಇಳಿದು ಹೋದಳೋ,
ಅವಳಿಗೂ ಬರಬೇಡ ಅಂದರೋ.

ಕಿಟಕಿಗೆ ಹೋದೆ.
ಮೋಡ.